ಹಾಲಿ, ಕಲ್ದಾರ ಮತ್ತು ಸಣ್ಣ ನಾಡಿನ ಹಿತ

(ಕೊಡೇಕಲ್ಲಿನ ಸಭೆಯಲ್ಲಿ ಮಾಡಿದ ಭಾಷಣ)



ಕೊಡೇಕಲ್ಲೆಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಕೊಡೇಕಲ್ಲ ಬಸವಣ್ಣನವರ ಕಾಲಜ್ಞಾನ. ಮುಂದೆ ಆಗತಕ್ಕುದನ್ನು ನುಡಿದ ಮಹಾತ್ಮರ ಊರಿನಲ್ಲಿ ನಿಂತು, ಹಿಂದೆ ಆಗಿಹೋದುದನ್ನು, ಅದರಲ್ಲಿಯೂ ರೂಪಾಯಿ ಆಣೆ ಪೈಗಳ ಲೆಕ್ಕವನ್ನು, ಹೇಳಹೊರಟಿರುವ ನನ್ನ ಸಾಹಸವನ್ನು ತಾವು ಮನ್ನಿಸಬೇಕು. ಲೆಕ್ಕವೆಂದರೆ ಸಭೆಗೆ ನಿದ್ದೆ ಬರುವುದೆಂದು ನನಗೆ ಗೊತ್ತು. ಆದರೆ ಈ ಲೆಕ್ಕವು ನಿಮ್ಮ ಅಜ್ಜಂದಿರು ಪ್ರತಿ ಸಂತೆಯಲ್ಲಿಯೂ ಮಾಡುತ್ತಿದ್ದ ಲೆಕ್ಕ. ಅದನ್ನು ಬಿಟ್ಟು ನಾನು ಇಂದಿನ ವಿಷಯವನ್ನು ಹೇಳಲಾರೆ.

ವಿಷಯವೇನೆಂದರೆ, ಹಲವು ನಾಡುಗಳು ಒಂದೇ ನಾಣ್ಯದಿಂದ ಬಾಳುತ್ತಿರುವಾಗ, ಅಥವಾ ಒಂದು ನಾಡಿನ ನಾಣ್ಯವನ್ನು ಮತ್ತೊಂದರ ನಾಣ್ಯಕ್ಕೆ ಗಂಟುಹಾಕಿರುವಾಗ, ಸಂಕಟವು ಬಂದೊದಗಿದರೆ ಅವುಗಳಲ್ಲಿ ಸಣ್ಣದಾದ ನಾಡು ತನ್ನ ಹಿತವನ್ನು ಹೇಗೆ ತೂಗಿ ನೋಡಬೇಕು? ದೊಡ್ಡ ನಾಡಿನ ಜೊತೆಯನ್ನು ಬಿಡಬೇಕೋ, ಬಿಡಬಾರದೋ? ಸಂಕಟದ ಹೊರೆಯಲ್ಲಿ ತನ್ನ ಪಾಲನ್ನು ಹೊರಬೇಕೋ, ಒಲ್ಲೆನೆನ್ನಬೇಕೋ? ಇದು ಯುರೋಪ ಖಂಡದಲ್ಲಿ ೨೦೧೦ರಿಂದ ಐದಾರು ವರ್ಷ ಬಹಳ ಗದ್ದಲವನ್ನೆಬ್ಬಿಸಿದ ಪ್ರಶ್ನೆ. ಆದರೆ ಅದಕ್ಕಾಗಿ ಸಮುದ್ರವನ್ನು ದಾಟಬೇಕಾದುದಿಲ್ಲ. ಕೃಷ್ಣೆಯ ದಡದ ಈ ಸೀಮೆಯಲ್ಲಿಯೇ ಆ ಪ್ರಶ್ನೆಯು ತಲೆಮಾರುಗಳ ಕಾಲ ಮನೆಮನೆಯೊಳಗೆ ವಾಸವಾಗಿತ್ತು.

ಕನ್ನಡನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಮುಂಬಯಿ ಇಲಾಖೆಯ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಲ್ಲಿಯೂ, ಮದ್ರಾಸಿನ ಬಳ್ಳಾರಿ, ಮಂಗಳೂರುಗಳಲ್ಲಿಯೂ, ಕೊಡಗಿನಲ್ಲಿಯೂ, ಮೈಸೂರು ಸಂಸ್ಥಾನದಲ್ಲಿಯೂ ನಡೆಯುತ್ತಿದ್ದುದು ಇಂಗ್ಲಿಷ್ ಸರಕಾರದ ರೂಪಾಯಿ. ಅದನ್ನೇ ನಮ್ಮ ಜನರು ಕಲ್ದಾರ ಎಂದು ಕರೆದರು. ಕಲ್ ಎಂದರೆ ಯಂತ್ರ, ಯಂತ್ರದಲ್ಲಿ ಒತ್ತಿದ್ದು ಎಂದರ್ಥ. ರಾಯಚೂರು, ಗುಲಬರ್ಗಾ, ಬೀದರ ಎಂಬ ಮೂರು ಜಿಲ್ಲೆಗಳು ಮಾತ್ರ ನಿಜಾಮನ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದುವಾದ್ದರಿಂದ ಇಲ್ಲಿ ಬೇರೊಂದು ರೂಪಾಯಿ. ೧೮೫೭ರ ದಂಗೆಯ ತರುವಾಯ, ದೀವಾನ ಸಾಲಾರಜಂಗನ ಕಾಲದಲ್ಲಿ, ದಿಲ್ಲಿಯ ಬಾದಶಹನ ಹೆಸರನ್ನು ಬಿಟ್ಟು ಹೊರಡಿಸಿದ ಈ ನಾಣ್ಯಕ್ಕೆ ಹಾಲಿ ಸಿಕ್ಕಾ ಎಂದು ಹೆಸರಾಯಿತು. ಅದಕ್ಕಿಂತ ಮೊದಲು ಗದ್ವಾಲ, ನಾರಾಯಣಪೇಟೆ ಮೊದಲಾದ ಕಡೆಗಳಲ್ಲಿ ಬೇರೆ ಬೇರೆ ಟಂಕಸಾಲೆಗಳು ನಡೆಯುತ್ತಿದ್ದುವು. ಅವನ್ನು ಮುಚ್ಚಿಸಿ ಒಂದೇ ನಾಣ್ಯವನ್ನು ರೂಢಿಗೆ ತಂದುದು ಸಾಲಾರಜಂಗನ ಒಳ್ಳೆಯ ಕೆಲಸಗಳಲ್ಲಿ ಒಂದೆಂದು ಒಪ್ಪಲೇಬೇಕು.

ಹಾಲಿಯ ಬೆಲೆ ಕಲ್ದಾರಕ್ಕಿಂತ ಕಡಿಮೆ. ಸರಕಾರಿ ದರದಲ್ಲಿ ನೂರು ಕಲ್ದಾರಕ್ಕೆ ನೂರ ಹದಿನಾರು ರೂಪಾಯಿ ಹತ್ತು ಆಣೆ ಎಂಟು ಪೈ ಹಾಲಿ. ಸುಲಭವಾಗಿ ಹೇಳುವುದಾದರೆ ಏಳು ಹಾಲಿಗೆ ಆರು ಕಲ್ದಾರ. ಹಾಲಿ ರೂಪಾಯಿಯೊಳಗಿನ ಬೆಳ್ಳಿಯೂ ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ಕಡಿಮೆಯಾಗಿತ್ತು. ಆದುದರಿಂದ ನಾಣ್ಯದಲ್ಲಿ ಮೋಸವಿತ್ತೆಂದು ಯಾರೂ ಹೇಳುವಂತಿಲ್ಲ. ತೊಂದರೆಯಿದ್ದುದು ಬೇರೆ ಕಡೆಯಲ್ಲಿ.

ಈ ಸೀಮೆಯ ಒಕ್ಕಲಿಗನೊಬ್ಬನು ಹತ್ತಿಯನ್ನೋ ಶೇಂಗಾವನ್ನೋ ಬಂಡಿಗೆ ಹೇರಿಕೊಂಡು ತಾಳೀಕೋಟೆಯ ಪೇಟೆಗೆ ಹೋದನೆಂದು ಇಟ್ಟುಕೊಳ್ಳಿರಿ. ತಾಳೀಕೋಟೆಯು ವಿಜಾಪುರ ಜಿಲ್ಲೆಯದು. ಅಲ್ಲಿಯೂ ಕನ್ನಡವೇ, ಅಲ್ಲಿಯೂ ಅದೇ ಎರೆಯ ಭೂಮಿ, ಬೀಗರೂ ಅಲ್ಲಿಯವರೇ. ಆದರೂ ನಡುವೆ ಕರೋಡಗಿರಿ ನಾಕೆ. ಅಲ್ಲಿ ಸಂಸ್ಥಾನದ ಜಕಾತಿಯನ್ನು ತೆತ್ತು, ಪೇಟೆಯನ್ನು ಸೇರಿ, ಮಾಲನ್ನು ಮಾರಿ ಅರವತ್ತು ಕಲ್ದಾರ ಕೈಗೆ ಬಂತು. ಇದು ಎಪ್ಪತ್ತು ಹಾಲಿಗೆ ಸಮ. ಆದರೆ ಊರಿನ ಗೌಡರಿಗೆ ಕಂದಾಯ ಕಟ್ಟಬೇಕಾದುದು ಹಾಲಿಯಲ್ಲಿ. ಚಿನಿವಾರನ ಬಳಿಗೆ ಹೋದರೆ ಅವನು ಎಪ್ಪತ್ತನ್ನು ಕೊಡುವನೇ? ಒಂದು ರೂಪಾಯಿ ವಟ್ಟ ಹಿಡಿದು ಅರವತ್ತೊಂಬತ್ತನ್ನು ಕೊಡುತ್ತಾನೆ. ಮುಂದಿನ ತಿಂಗಳು ಮಗಳ ಲಗ್ನಕ್ಕೆ ಅದೇ ತಾಳೀಕೋಟೆಯಲ್ಲಿ ಬಟ್ಟೆ ಕೊಳ್ಳಬೇಕೆಂದರೆ ಈಗ ಹಾಲಿಯನ್ನು ಕೊಟ್ಟು ಕಲ್ದಾರವನ್ನು ಪಡೆಯಬೇಕು. ಅಲ್ಲಿ ಮತ್ತೊಂದು ರೂಪಾಯಿ ವಟ್ಟ. ಒಂದು ರೂಪಾಯಿ ಎಂದು ನಾನು ಹಿಡಿದುದು ಲೆಕ್ಕದ ಅನುಕೂಲಕ್ಕಾಗಿ. ಸಂತೆಯ ದಿನ, ಪೇಟೆಯ ಬಿರುಸು, ಗಿರಾಕಿಯ ಅಡಚಣೆಗಳನ್ನು ನೋಡಿಕೊಂಡು ವಟ್ಟವು ಏರುತ್ತಿತ್ತು, ಇಳಿಯುತ್ತಿತ್ತು. ಮುಂಬಯಿಯ ಹುಂಡಿಯನ್ನು ಹಿಡಿಯುತ್ತಿದ್ದ ದೊಡ್ಡ ಅಡತಿಯವರು ಇದರಲ್ಲಿ ಕಳೆದುಕೊಂಡುದು ಅತ್ಯಲ್ಪ. ಅವರು ಎರಡೂ ನಾಣ್ಯಗಳನ್ನು ಇಟ್ಟುಕೊಂಡು ಒಳ್ಳೆಯ ದಿನವನ್ನು ಕಾಯಬಲ್ಲವರು. ಕಾಯಲಾರದವನು ಕಂದಾಯದ ಕಂತು ತಲೆಯ ಮೇಲಿರುವ ರೈತ.

ಇಷ್ಟಾದರೂ ಹಾಲಿಯ ಪಕ್ಷದಲ್ಲಿ ಹೇಳಲು ಏನೂ ಇರಲಿಲ್ಲವೇ? ವಕೀಲಿಯ ವೃತ್ತಿಯವನಾದ ನಾನು ಎದುರು ಪಕ್ಷದ ಕಾಗದಗಳನ್ನೂ ಓದದೆ ವಾದಕ್ಕೆ ನಿಲ್ಲಬಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜಗತ್ತಿನಲ್ಲೆಲ್ಲ ಬೆಳ್ಳಿಯ ಬೆಲೆ ಕುಸಿಯುತ್ತಹೋಯಿತು. ೧೮೯೩ರಲ್ಲಿ ಹಿಂದುಸ್ತಾನ ಸರಕಾರವು, ಯಾರು ಬೆಳ್ಳಿಯನ್ನು ತಂದರೂ ರೂಪಾಯಿ ಒತ್ತಿಕೊಡುವ ಪದ್ಧತಿಯನ್ನು ನಿಲ್ಲಿಸಿ, ಟಂಕಸಾಲೆಗಳನ್ನು ಖಾಸಗಿಯವರಿಗೆ ಮುಚ್ಚಿಬಿಟ್ಟಿತು. ಅಂದಿನಿಂದ ಕಲ್ದಾರದ ಬೆಲೆಯು ಅದರೊಳಗಿನ ಬೆಳ್ಳಿಯ ಬೆಲೆಯಿಂದ ಬೇರ್ಪಟ್ಟಿತು. ಲಂಡನ್ನಿನ ಹಿತವನ್ನು ನೋಡಿಕೊಂಡು ಮಾಡಿದ ಈ ತೀರ್ಮಾನದ ಬಿಸಿಯು ಹೈದರಾಬಾದಿಗೆ ತಟ್ಟಿತು. ಹಾಲಿಗೂ ಕಲ್ದಾರಕ್ಕೂ ಇದ್ದ ಸಂಬಂಧವು ಹಲವು ವರ್ಷ ತೂಗುಯ್ಯಾಲೆಯಂತಾಯಿತು. ಆ ಹೊತ್ತಿನಲ್ಲಿ ಅನೇಕ ದೇಶೀಯ ಸಂಸ್ಥಾನಗಳು ತಮ್ಮ ನಾಣ್ಯವನ್ನು ಬಿಟ್ಟುಕೊಟ್ಟು ಕಲ್ದಾರವನ್ನೇ ಒಪ್ಪಿಕೊಂಡುವು. ಹೈದರಾಬಾದು ಒಪ್ಪಲಿಲ್ಲ. ಅರ್ಥಮಂತ್ರಿಯಾಗಿದ್ದ ಕ್ಯಾಸನ್ ವಾಕರನ ಕಾಲದಲ್ಲಿ, ೧೯೦೪ರ ಸುಮಾರಿಗೆ, ಚಾರಮಿನಾರಿನ ಚಿತ್ರವುಳ್ಳ ಹೊಸ ರೂಪಾಯಿಯನ್ನು ಯಂತ್ರದಲ್ಲಿಯೇ ಒತ್ತಿ ಹೊರಡಿಸಿ, ಏಳಕ್ಕೆ ಆರು ಎಂಬ ದರದ ಸುತ್ತಮುತ್ತ ಅದನ್ನು ನಿಲ್ಲಿಸಲಾಯಿತು. (ಯಂತ್ರದಲ್ಲಿ ಒತ್ತಿದ ಮೇಲೆ ಅದೂ ಕಲ್ದಾರವೇ ಆಯಿತಲ್ಲವೇ ಎಂದು ನೀವು ಕೇಳಬಹುದು. ಶಬ್ದಾರ್ಥದಿಂದ ಆಯಿತು, ಆದರೆ ಪೇಟೆಯ ಮಾತು ನಿಘಂಟನ್ನು ಕೇಳುವುದಿಲ್ಲ.)

ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಅಭಾವ ಉಂಟಾದಾಗ, ೧೯೧೮ರಲ್ಲಿ, ಹೈದರಾಬಾದು ಕಾನೂನು ಮಾಡಿ ತನ್ನದೇ ಕಾಗದದ ನೋಟುಗಳನ್ನು ಹೊರಡಿಸಿತು. ನಾಣ್ಯವನ್ನು ಒತ್ತುವುದರಿಂದಲೂ ನೋಟನ್ನು ಹೊರಡಿಸುವುದರಿಂದಲೂ ಬರುವ ಲಾಭವು ಮುಂಬಯಿಗೋ ಕಲಕತ್ತೆಗೋ ಹೋಗದೆ ಸಂಸ್ಥಾನದ ಬೊಕ್ಕಸದಲ್ಲಿಯೇ ಉಳಿಯಿತು. ೧೯೪೧ರಲ್ಲಿ ಕಾಯಿದೆಯಿಂದ ಸ್ಥಾಪಿತವಾದ ಹೈದರಾಬಾದ್ ಸ್ಟೇಟ್ ಬ್ಯಾಂಕು ಈ ವ್ಯವಹಾರವನ್ನು ನೋಡಿಕೊಳ್ಳತೊಡಗಿತು. ಹಾಗಾದರೆ ಸಣ್ಣ ನಾಡೊಂದು ದೊಡ್ಡವರ ಸಂಕಟದಲ್ಲಿ ತನ್ನ ಕಾಲ ಮೇಲೆ ನಿಂತುದಕ್ಕೆ ಇದು ಒಳ್ಳೆಯ ಉದಾಹರಣೆಯೇ ಸರಿ ಎಂದು ಯಾರಾದರೂ ಹೇಳಿದರೆ, ಅದರಲ್ಲಿ ಅರ್ಧ ಸತ್ಯವಿದೆ.

ಉಳಿದ ಅರ್ಧವೇನು? ಹಾಲಿಯ ಮೇಲೆ ಮುದ್ರೆ ಬೇರೆಯಾದರೂ ಬೆಲೆ ಸ್ವತಂತ್ರವಲ್ಲ. ಅದು ಕಲ್ದಾರದ ಬೆನ್ನಿಗೆ ಕಟ್ಟಿದ ಗಂಟು. ಕಲ್ದಾರವು ಪೌಂಡಿನೊಡನೆ ಏರಿದರೆ ಇದೂ ಏರಬೇಕು, ಇಳಿದರೆ ಇದೂ ಇಳಿಯಬೇಕು. ನೋಟುಗಳಿಗೆ ಆಧಾರವಾಗಿ ಇಟ್ಟ ಧನದಲ್ಲಿ ದೊಡ್ಡ ಭಾಗವು ಹಿಂದುಸ್ತಾನ ಸರಕಾರದ ಸಾಲಪತ್ರಗಳೇ. ಹೀಗೆ ಹೊರಗಿನ ಸಂಕಟದಿಂದ ಪಾರಾಗುವ ಬಲವು ಅದಕ್ಕಿರಲಿಲ್ಲ. ಒಳಗಿನ ಪ್ರಜೆಗೆ ವಟ್ಟದ ಹೊರೆ ಮಾತ್ರ ತಪ್ಪಲಿಲ್ಲ. ಇನ್ನು ಲಾಭವೆಂದೆವಲ್ಲ, ಆ ಲಾಭವನ್ನು ಎಲ್ಲಿ ವೆಚ್ಚ ಮಾಡಬೇಕೆಂದು ಕೇಳುವ ಹಕ್ಕು ಯಾರಿಗಿತ್ತು? ಹೈದರಾಬಾದಿನ ನೋಟುಗಳ ಮೇಲೆ ಉರ್ದುವಿನ ಜೊತೆಗೆ ಕನ್ನಡ, ತೆಲುಗು, ಮರಾಠಿಗಳಲ್ಲಿಯೂ ಮೊತ್ತವನ್ನು ಬರೆದಿರುತ್ತಿದ್ದರು. ಅಷ್ಟರಮಟ್ಟಿಗೆ ಕನ್ನಡವು ಸರಕಾರದ ಖಜಾನೆಯೊಳಗೆ ಪ್ರವೇಶವನ್ನು ಪಡೆದಿತ್ತು. ಆದರೆ ಅದೇ ೧೯೧೮ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಕೆಯ ಭಾಷೆ ಉರ್ದು. ಕಚೇರಿಯ ಭಾಷೆ ಉರ್ದು. ನೋಟಿನ ಮೇಲಿನ ಕನ್ನಡವನ್ನು ಓದಬಲ್ಲವನು ಆ ನೋಟಿನ ಬಗೆಗಿನ ಕಾನೂನನ್ನು ಓದಲಾರನು. ಪ್ರಜೆಗಳಿಗೆ ಉತ್ತರ ಹೇಳಬೇಕಾದ ಸರಕಾರವೇ ಅಲ್ಲಿ ಇರಲಿಲ್ಲವೆಂದ ಮೇಲೆ ಹಿತವನ್ನು ತೂಗುವ ತಕ್ಕಡಿ ಅರಮನೆಯಲ್ಲಿತ್ತು, ಊರಿನಲ್ಲಿರಲಿಲ್ಲ.

ಇದರ ಪರಿಣಾಮವು ಕಣ್ಣಿಗೆ ಕಟ್ಟುವಂತೆ ತೋರಿದುದು ೧೯೪೭-೪೮ರಲ್ಲಿ. ಭಾರತವು ಸ್ವತಂತ್ರವಾಯಿತು, ನಿಜಾಮನು ಸೇರಲೊಲ್ಲದೆ ನವೆಂಬರ ೨೯ರಂದು ಒಂದು ವರ್ಷದ ಯಥಾಸ್ಥಿತಿ ಒಡಂಬಡಿಕೆಗೆ ಸಹಿ ಹಾಕಿದನು. ಸಹಿಯ ಮಸಿ ಆರುವುದರೊಳಗಾಗಿ ಹೈದರಾಬಾದ ಸರಕಾರವು ಎರಡು ವಟಹುಕುಮುಗಳನ್ನು ಹೊರಡಿಸಿತು. ಒಂದು, ಬೆಲೆಬಾಳುವ ಲೋಹಗಳನ್ನು ಭಾರತಕ್ಕೆ ಸಾಗಿಸದಂತೆ ತಡೆ. ಎರಡು, ಸಂಸ್ಥಾನದೊಳಗೆ ಭಾರತದ ನಾಣ್ಯವು ವ್ಯವಹಾರಕ್ಕೆ ಸಲ್ಲತಕ್ಕುದಲ್ಲವೆಂಬ ಕಟ್ಟಳೆ. ಅಷ್ಟಕ್ಕೇ ನಿಲ್ಲದೆ, ತನ್ನ ಬಳಿಯಿದ್ದ ಭಾರತ ಸರಕಾರದ ಸಾಲಪತ್ರಗಳ ರೂಪದಲ್ಲಿ ಇಪ್ಪತ್ತು ಕೋಟಿ ರೂಪಾಯಿಗಳನ್ನು ಪಾಕಿಸ್ತಾನಕ್ಕೆ ಸಾಲವಾಗಿ ಕೊಡಲು ಏರ್ಪಾಡು ಮಾಡಿತು. ಭಾರತ ಸರಕಾರವು ಇದನ್ನು ಒಡಂಬಡಿಕೆಯ ಭಂಗವೆಂದು ಆಕ್ಷೇಪಿಸಿ ಆ ಪತ್ರಗಳ ಪರಭಾರೆಗೆ ತಡೆಹಾಕಿತು.

ಮಹನೀಯರೇ, ಇಲ್ಲಿ ತುಸು ನಿಂತು ನೋಡೋಣ. ಸ್ವತಂತ್ರ ನಾಡೆಂದು ಹೇಳಿಕೊಳ್ಳುವ ರಾಜ್ಯವೊಂದಕ್ಕೆ ತನ್ನ ನೆಲದಲ್ಲಿ ತನ್ನ ನಾಣ್ಯವೇ ನಡೆಯಬೇಕೆಂದು ವಿಧಿಸುವ ಅಧಿಕಾರವಿದೆಯೆಂದು ನ್ಯಾಯಶಾಸ್ತ್ರದಲ್ಲಿ ವಾದಿಸಬಹುದು. ನಾನು ಆ ವಾದವನ್ನು ನಗೆಗೀಡುಮಾಡುವುದಿಲ್ಲ. ಆದರೆ ನಾಲ್ಕೂ ಕಡೆ ಭಾರತದಿಂದ ಸುತ್ತುವರಿದ, ಸಮುದ್ರದ ಒಂದು ರೇವೂ ಇಲ್ಲದ, ತನ್ನ ನೋಟಿನ ಆಧಾರಧನವನ್ನೇ ಭಾರತದ ಸಾಲಪತ್ರಗಳಲ್ಲಿ ಇಟ್ಟಿರುವ ರಾಜ್ಯವು ಆ ನಾಣ್ಯವನ್ನು ಬಹಿಷ್ಕರಿಸಹೊರಟಾಗ ಅದು ಯಾರ ಹಿತವನ್ನು ತೂಗಿ ನೋಡಿತು? ತಾಳೀಕೋಟೆಗೆ ಹತ್ತಿ ಒಯ್ಯುವವನ ಹಿತವನ್ನೇ? ಮುದ್ದೇಬಿಹಾಳಕ್ಕೆ ಮಗಳನ್ನು ಕೊಟ್ಟವನ ಹಿತವನ್ನೇ? ಮೊನ್ನೆಯವರೆಗೆ ಬರೀ ವಟ್ಟಕ್ಕೆ ಕಾರಣವಾಗಿದ್ದ ಕಲ್ದಾರವು ರೈತನ ಉಡಿಯಲ್ಲಿ ಈಗ ಅಪರಾಧದ ವಸ್ತುವಾಯಿತು. ರಜಾಕಾರರ ಹಾವಳಿಯು ಊರೂರಿಗೆ ಹಬ್ಬಿದ್ದ ಆ ತಿಂಗಳುಗಳಲ್ಲಿ, ಮುಂಡರಗಿ, ಗಜೇಂದ್ರಗಡ ಮೊದಲಾದ ಗಡಿಯ ಶಿಬಿರಗಳಲ್ಲಿ ನಮ್ಮ ತರುಣರು ಸೇರಿ ಹೋರಾಡುತ್ತಿದ್ದಾಗ, ಗಡಿಯಾಚೆಯ ನಾಣ್ಯವನ್ನು ಇಟ್ಟುಕೊಂಡವನೆಂಬ ಸಂಶಯಕ್ಕೆ ಎಷ್ಟು ಬೆಲೆ ಕಟ್ಟಬೇಕಾಗಿತ್ತೆಂಬುದನ್ನು ಈ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ. ೧೯೪೮ರ ಸೆಪ್ಟೆಂಬರ ೧೩ರಂದು ಆರಂಭವಾದ ಪೋಲೀಸು ಕಾರ್ಯಾಚರಣೆಯು ಐದೇ ದಿನಗಳಲ್ಲಿ ಮುಗಿದು ಆ ಅಧ್ಯಾಯವು ಕೊನೆಗೊಂಡಿತು.

ಇದಕ್ಕೆದುರಾಗಿ ಇನ್ನೊಂದು ಸಣ್ಣ ನಾಡು ತನ್ನ ಹಿತವನ್ನು ತೂಗಿದ ಬಗೆಯನ್ನು ನಿಮ್ಮ ಮುಂದಿಡುತ್ತೇನೆ. ಅದು ಯುರೋಪಿನ ಸ್ಲೊವಾಕಿಯಾ. ಐವತ್ತು ಲಕ್ಷಕ್ಕೆ ತುಸು ಮಿಕ್ಕಿದ ಜನಸಂಖ್ಯೆ. ೧೯೯೩ರ ಜನವರಿಯಲ್ಲಿ ಚೆಕ್ಕರಿಂದ ಬೇರ್ಪಟ್ಟಾಗ ಎರಡೂ ನಾಡುಗಳು ಕೆಲ ಕಾಲ ಒಂದೇ ನಾಣ್ಯವನ್ನು ಇಟ್ಟುಕೊಳ್ಳೋಣವೆಂದುಕೊಂಡಿದ್ದುವು. ಐದೇ ವಾರಗಳಲ್ಲಿ ಅದು ಮುರಿದು, ಹಳೆಯ ನೋಟುಗಳಿಗೆ ಚೀಟಿ ಅಂಟಿಸಿ ಬೇರೆ ಬೇರೆ ಮಾಡಬೇಕಾಯಿತು. ಆ ಮೇಲೆ ೨೦೦೯ರಲ್ಲಿ ಸ್ಲೊವಾಕಿಯಾ ಯೂರೋ ಎಂಬ ಸಮಾನ ನಾಣ್ಯದ ಕೂಟಕ್ಕೆ ಹದಿನಾರನೆಯ ನಾಡಾಗಿ ಸೇರಿತು. ಸೇರಿ ವರ್ಷ ಕಳೆದಿತ್ತಷ್ಟೆ, ಗ್ರೀಸಿನ ಸಾಲದ ಸಂಕಟ ಸಿಡಿಯಿತು. ೨೦೧೦ರ ಮೇ ತಿಂಗಳಲ್ಲಿ ಗ್ರೀಸಿಗೆ ಹನ್ನೊಂದು ಸಾವಿರ ಕೋಟಿ ಯೂರೋಗಳ ನೆರವನ್ನು ಕೂಟದವರೂ ಅಂತರರಾಷ್ಟ್ರೀಯ ಹಣಕಾಸು ನಿಧಿಯವರೂ ಸೇರಿ ಗೊತ್ತುಮಾಡಿದರು. ಸ್ಲೊವಾಕಿಯಾದ ಪಾಲಿಗೆ ಬಂದುದು ಎಂಬತ್ತು ಕೋಟಿಗೆ ತುಸು ಹೆಚ್ಚು.

ಅಲ್ಲಿಯ ಜನರು ಕೇಳಿದ ಪ್ರಶ್ನೆಯು ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಕೇಳತಕ್ಕಂಥದು. ನಾವು ಗ್ರೀಕರಿಗಿಂತ ಬಡವರು. ನಮ್ಮ ಕೂಲಿ ಕಡಿಮೆ, ನಮ್ಮ ಮುದುಕರ ಪಿಂಚಣಿ ಕಡಿಮೆ. ಬಡವನು ಹೊಟ್ಟೆ ಕಟ್ಟಿ ತನಗಿಂತ ಉಳ್ಳವನ ಸಾಲವನ್ನೇಕೆ ತೀರಿಸಬೇಕು? ಆ ವರ್ಷದ ಆಗಸ್ಟಿನಲ್ಲಿ ಅವರ ಶಾಸನಸಭೆಯು ತನ್ನ ಪಾಲನ್ನು ಕೊಡಲು ನಿರಾಕರಿಸಿತು. ಕೂಟದಲ್ಲಿ ಹಾಗೆ ನಿರಾಕರಿಸಿದುದು ಅದೊಂದೇ ನಾಡು. ಮುಂದಿನ ವರ್ಷ ರಕ್ಷಣಾನಿಧಿಯನ್ನು ಹಿಗ್ಗಿಸಬೇಕೆಂಬ ಮಾತು ಬಂದಾಗ ಸ್ಲೊವಾಕಿಯಾದ ಜಾಮೀನು ಸುಮಾರು ನಾನೂರ ನಲವತ್ತು ಕೋಟಿಯಿಂದ ಏಳುನೂರ ಎಪ್ಪತ್ತು ಕೋಟಿ ಯೂರೋಗಳಿಗೆ ಏರುವುದಿತ್ತು. ಹದಿನೇಳು ನಾಡುಗಳೂ ಒಪ್ಪಿದರೆ ಮಾತ್ರ ಅದು ನಡೆಯಬೇಕು. ಉಳಿದ ಹದಿನಾರೂ ಒಪ್ಪಿದ್ದುವು. ಪ್ರಧಾನಿ ಇವೆಟಾ ರಾದಿಚೊವಾ ಎಂಬ ಮಹಿಳೆ, ಇದನ್ನು ಒಪ್ಪದಿದ್ದರೆ ತನ್ನ ಸರಕಾರವೇ ಬಿದ್ದಂತೆಂದು ಸಭೆಯ ಮುಂದಿಟ್ಟರು. ಅವರ ಕೂಡುಸರಕಾರದಲ್ಲಿಯೇ ಇದ್ದ ರಿಚರ್ಡ್ ಸುಲಿಕನ ಪಕ್ಷವು ಬೆಂಬಲಿಸಲಿಲ್ಲ. ೨೦೧೧ರ ಅಕ್ಟೋಬರ ೧೧ರಂದು ಮಸೂದೆ ಬಿತ್ತು. ಅದರೊಡನೆ ಸರಕಾರವೂ ಬಿತ್ತು. ಎರಡು ದಿನಗಳ ತರುವಾಯ, ಬೇಗನೆ ಚುನಾವಣೆ ನಡೆಸುವ ಕರಾರಿನ ಮೇಲೆ ವಿರೋಧಪಕ್ಷದ ಬೆಂಬಲದಿಂದ ಅದೇ ಮಸೂದೆಯು ಸಮ್ಮತವಾಯಿತು.

ಸ್ಲೊವಾಕರು ಮಾಡಿದುದು ಸರಿಯೋ ತಪ್ಪೋ? ಅವರ ಮೊದಲ ನಿರಾಕರಣೆಯಲ್ಲಿ ನ್ಯಾಯವಿತ್ತೆಂದೇ ನನ್ನ ಮತ. ಎರಡನೆಯದರಲ್ಲಿ ಅಷ್ಟು ನ್ಯಾಯವಿರಲಿಲ್ಲ. ಏಕೆಂದರೆ ಸಮಾನ ನಾಣ್ಯದ ಫಲವನ್ನು ಅವರೂ ಉಂಡಿದ್ದರು, ಅವರ ಕಾರಖಾನೆಗಳ ಮೋಟಾರುಗಳು ವಟ್ಟವಿಲ್ಲದೆ ಜರ್ಮನಿಯ ಪೇಟೆಗೆ ಹೋಗುತ್ತಿದ್ದುವು. ಮನೆ ಹೊತ್ತಿಕೊಂಡಾಗ ನನ್ನ ಕೋಣೆಗೆ ಬೆಂಕಿ ತಗುಲಿಲ್ಲವೆಂದು ಕುಳಿತಿರಲಾಗದು. ಆದರೆ ಸರಿಯೋ ತಪ್ಪೋ, ಅವರು ತಮ್ಮ ಭಾಷೆಯಲ್ಲಿ, ತಮ್ಮ ಸಭೆಯಲ್ಲಿ, ತಾವು ಆರಿಸಿದವರ ಬಾಯಿಂದ, ಹಗಲು ಬೆಳಕಿನಲ್ಲಿ ವಾದಿಸಿ ತೀರ್ಮಾನಿಸಿದರು. ಸರಕಾರವೊಂದನ್ನೇ ಅದಕ್ಕಾಗಿ ತೆತ್ತರು. ಸಾಲಗಾರ ನಾಡಾದ ಗ್ರೀಸಿನಲ್ಲಿಯೂ ೨೦೧೫ರ ಜುಲೈ ೫ರಂದು ಜನಮತವನ್ನು ಕೇಳಿದರು. ನೂರಕ್ಕೆ ಅರವತ್ತೊಂದು ಮಂದಿ ಸಾಲಿಗರ ಕರಾರುಗಳು ಬೇಡವೆಂದರು. ಬ್ಯಾಂಕುಗಳು ಮುಚ್ಚಿ, ದಿನಕ್ಕೆ ಅರವತ್ತು ಯೂರೋಗಿಂತ ಹೆಚ್ಚು ಕೈಗೆ ಸಿಗದಿದ್ದ ಕಾಲ ಅದು. ಒಂದು ವಾರ ಕಳೆಯುವಷ್ಟರಲ್ಲಿ ಅದೇ ಸರಕಾರವು ಅಂಥವೇ ಕರಾರುಗಳಿಗೆ ತಲೆಬಾಗಬೇಕಾಯಿತು. ನಾಣ್ಯವು ಪರರ ಕೈಯಲ್ಲಿರುವಾಗ ಬರೀ ಮತದಿಂದ ಎಲ್ಲವೂ ಆಗದೆಂಬುದಕ್ಕೆ ಅದು ಸಾಕ್ಷಿ. ನಾನು ಈ ಸಂಗತಿಯನ್ನು ಮುಚ್ಚಿಟ್ಟರೆ ನಿಮ್ಮನ್ನು ವಂಚಿಸಿದಂತಾದೀತು.

ಇನ್ನು ನಮ್ಮ ನೆಲದ ಕಥೆಗೆ ಮರಳುತ್ತೇನೆ. ನಾಣ್ಯದ ಮಾತು ಹಾಗಿರಲಿ, ಈ ನೆಲವೇ ಒಂದು ಕಾಲಕ್ಕೆ ನಾಣ್ಯದಂತೆ ಕೈಯಿಂದ ಕೈಗೆ ಹೋಯಿತು. ಕೃಷ್ಣೆಯ ಆಚೆಯ ದಡದ ಲಿಂಗಸುಗೂರು ಸೀಮೆಯು ರಾಯಚೂರು ದೋಆಬಕ್ಕೆ ಸೇರಿದ್ದು. ತನ್ನ ಹೆಸರಿನಲ್ಲಿ ಇಂಗ್ಲಿಷರು ಸಾಕುತ್ತಿದ್ದ ಸೈನ್ಯದ ಬಾಕಿಯನ್ನು ತೀರಿಸಲಾರದೆ ನಿಜಾಮನು ೧೮೫೩ರ ಒಡಂಬಡಿಕೆಯಲ್ಲಿ ವರ್ಹಾಡ, ನಳದುರ್ಗಗಳೊಡನೆ ಈ ದೋಆಬವನ್ನೂ ಕಂಪನಿಗೆ ಒಪ್ಪಿಸಿಕೊಟ್ಟನು. ಈಚೆಯ ದಡದಲ್ಲಿ ಸುರಪುರದ ನಾಯಕರ ರಾಜ್ಯ. ಪಟ್ಟಕ್ಕೆ ಬಂದವನು ಹೈದರಾಬಾದಿಗೆ ಕೊಡಬೇಕಾದ ನಜರಾಣವೆಂದು ಹದಿನೈದು ಲಕ್ಷ ರೂಪಾಯಿಗಳ ಬೇಡಿಕೆಯು ಆ ಸಣ್ಣ ರಾಜ್ಯದ ಮೇಲೆ ಬಿದ್ದು, ಅದು ಸಾಲದಲ್ಲಿ ಮುಳುಗಿತು. ಮೆಡೋಸ್ ಟೇಲರನು ಇಲ್ಲಿಗೆ ಬಂದಾಗ ಅವನ ಮುಂದಿದ್ದುದು ಬಾಲಕನಾದ ಅರಸ ಮತ್ತು ಬರಿದಾದ ಬೊಕ್ಕಸ. ಆ ಅರಸನೇ, ರಾಜಾ ವೆಂಕಟಪ್ಪ ನಾಯಕನು, ೧೮೫೮ರಲ್ಲಿ ಇಂಗ್ಲಿಷರ ಮೇಲೆ ಎದ್ದು, ಸೆರೆಯಾಗಿ, ಅದೇ ವರ್ಷ ಗುಂಡಿನ ಗಾಯದಿಂದ ಮಡಿದನು. ೧೮೬೦ರಲ್ಲಿ ಮತ್ತೊಂದು ಒಡಂಬಡಿಕೆ ನಡೆಯಿತು. ದಂಗೆಯಲ್ಲಿ ಇಂಗ್ಲಿಷರ ಪಕ್ಷದಲ್ಲಿ ನಿಂತುದಕ್ಕಾಗಿ ನಿಜಾಮನಿಗೆ ಐವತ್ತು ಲಕ್ಷದ ಸಾಲ ಮಾಫಿಯಾಯಿತು, ದೋಆಬವು ಹಿಂದಕ್ಕೆ ಬಂತು, ಸುರಪುರವು ಬಹುಮಾನವಾಗಿ ಸಿಕ್ಕಿತು. ಹೊಳೆಯ ಆಚೆಯದು ಸಾಲಕ್ಕೆ ಹೋಗಿ ಬಂದ ಭೂಮಿ, ಈಚೆಯದು ಬಕ್ಷೀಸು ಕೊಟ್ಟ ಭೂಮಿ. ಎರಡೂ ಪತ್ರಗಳಲ್ಲಿ ಈ ನೆಲದ ಒಬ್ಬ ಕನ್ನಡಿಗನ ಸಹಿಯೂ ಇಲ್ಲ. ಕರ್ನಾಟಕದ ಏಕೀಕರಣವನ್ನು ಕೇವಲ ಭಾಷೆಯ ಅಭಿಮಾನವೆಂದು ಲಘುವಾಗಿ ಮಾತನಾಡುವ ವಿದ್ಯಾವಂತರಿಗೆ ಈ ಎರಡು ಪತ್ರಗಳನ್ನು ಓದಿರೆಂದು ನಾನು ಹೇಳುತ್ತಿರುತ್ತೇನೆ.

ಪೋಲೀಸು ಕಾರ್ಯಾಚರಣೆಯ ತರುವಾಯ ಹಾಲಿಯ ಗತಿಯೇನಾಯಿತು? ೧೯೫೦ರ ದಶಕದಲ್ಲಿ ಹಂತಹಂತವಾಗಿ ಅದನ್ನು ಹಿಂದಕ್ಕೆ ಪಡೆದು, ಏಳಕ್ಕೆ ಆರರಂತೆ ಭಾರತದ ರೂಪಾಯಿಯನ್ನು ಜಾರಿಗೆ ತರಲಾಯಿತು. ದರವು ನ್ಯಾಯವಾದುದೇ. ಆದರೆ ಸಣ್ಣ ವ್ಯವಹಾರದಲ್ಲಿ ನೋಡಿರಿ: ಒಂದು ಹಾಲಿ ಆಣೆಯೆಂದರೆ ಕಲ್ದಾರದ ಹತ್ತು ಪೈಗೆ ತುಸು ಮೇಲೆ. ಆ ತುಸುವನ್ನು ಕೊಡಲು ಯಾವ ನಾಣ್ಯವೂ ಇಲ್ಲ. ಆಣೆಗೆ ಕೊತ್ತಂಬರಿ ಮಾರುವವಳು ಹತ್ತಕ್ಕೆ ಮಾರಿದರೆ ಅವಳಿಗೆ ನಷ್ಟ, ಹನ್ನೆರಡಕ್ಕೆ ಮಾರಿದರೆ ಕೊಳ್ಳುವವನಿಗೆ 'ದರ ಏರಿಸಿದಳು' ಎಂಬ ಸಿಟ್ಟು. ಅದು ಸುಧಾರಿಸುವಷ್ಟರಲ್ಲಿ ೧೯೫೭ರ ಏಪ್ರಿಲಿನಿಂದ ಆಣೆ ಪೈಗಳೇ ಹೋಗಿ ನಯಾ ಪೈಸೆ ಬಂತು. ಒಂದು ದಶಕದೊಳಗೆ ನಮ್ಮ ತಾಯಂದಿರು ಮೂರು ಬಗೆಯ ಲೆಕ್ಕವನ್ನು ಬಾಯಲ್ಲಿಯೇ ಕಲಿತರು. ಶಾಲೆಯ ಗಣಿತಕ್ಕೆ ಹೆದರುವ ಹುಡುಗರಿಗೆ ಉಪಾಧ್ಯಾಯರು ಈ ಮಾತನ್ನು ಹೇಳಬಹುದು.

ಆ ನಡುವೆ, ೧೯೫೬ರ ನವೆಂಬರ ೧ರಂದು, ಮೂರು ಜಿಲ್ಲೆಗಳ ಕನ್ನಡನೆಲವು ಉಳಿದ ಕನ್ನಡನಾಡಿನೊಡನೆ ಒಂದಾಯಿತು. ತಾಳೀಕೋಟೆಗೂ ಕೊಡೇಕಲ್ಲಿಗೂ ನಡುವೆ ಎರಡು ರಾಜ್ಯಗಳೆಂಬ ಮಾತು ಮುಗಿಯಿತು. ಆದರೆ ಆಗಲೂ ಹಿತವನ್ನು ತೂಗುವ ಕೆಲಸ ನಡೆದೇ ಇತ್ತು. ಈ ಸಲ ತೂಗಿದವರು ನಮ್ಮ ಅಣ್ಣತಮ್ಮಂದಿರು. ಬಡತನದ ಉತ್ತರದ ಜಿಲ್ಲೆಗಳನ್ನು ಕೂಡಿಕೊಂಡರೆ ತಮ್ಮ ಬೊಕ್ಕಸಕ್ಕೆ ಹೊರೆಯಾದೀತೆಂದು ಹಳೆಯ ಮೈಸೂರಿನಲ್ಲಿ ಹಲವರು ಹಿಂಜರಿದರು. ಮೈಸೂರು ಸರಕಾರವು ಎಂ. ಶೇಷಾದ್ರಿಯವರ ಅಧ್ಯಕ್ಷತೆಯಲ್ಲಿ ಸಂಗತಿಶೋಧನೆಯ ಸಮಿತಿಯೊಂದನ್ನು ನೇಮಿಸಿ ಈ ಜಿಲ್ಲೆಗಳ ಆದಾಯವೆಷ್ಟು, ಕೊರತೆಯೆಷ್ಟು ಎಂದು ಲೆಕ್ಕ ಹಾಕಿಸಿತು. ಏಕೀಕರಣದ ಕಾರ್ಯಕರ್ತರಲ್ಲಿ ಕೆಲವರು ಆಗ ಇದನ್ನು ದ್ರೋಹವೆಂದರು. ನಾನು ಹಾಗೆನ್ನಲಾರೆ. ಕೂಡುಕುಟುಂಬವನ್ನು ಸೇರುವ ಮೊದಲು ಲೆಕ್ಕ ಕೇಳುವುದು ಪಾಪವಲ್ಲ. ಲೆಕ್ಕವನ್ನು ಕೇಳಿ, ಕೊರತೆಯನ್ನು ನೋಡಿ, ಆ ಮೇಲೂ ಸೇರಿದರೆಂಬುದೇ ಅವರಿಗೆ ಭೂಷಣ.

ಸೇರಿದ ಮೇಲೆ ಕೊರತೆ ತುಂಬಿತೇ ಎಂಬುದು ಬೇರೆ ಪ್ರಶ್ನೆ. ೨೦೦೨ರಲ್ಲಿ ಡಾಕ್ಟರ್ ನಂಜುಂಡಪ್ಪನವರ ಸಮಿತಿಯು ರಾಜ್ಯದ ಮೂವತ್ತೊಂಬತ್ತು ತಾಲೂಕುಗಳನ್ನು ಅತ್ಯಂತ ಹಿಂದುಳಿದುವೆಂದು ಎಣಿಸಿತು. ಅವುಗಳಲ್ಲಿ ಇಪ್ಪತ್ತೊಂದು ಗುಲಬರ್ಗಾ ವಿಭಾಗದಲ್ಲಿಯೇ ಇದ್ದುವು. ಸಂವಿಧಾನದ ೩೭೧ಜೆ ಕಲಮು ಬರಬೇಕಾದರೆ ಏಕೀಕರಣದಿಂದ ಐವತ್ತಾರು ವರ್ಷ ಕಳೆಯಬೇಕಾಯಿತು. ಇತ್ತ ಬೆಂಗಳೂರಿನಲ್ಲಿ ಕುಳಿತವರು ದಿಲ್ಲಿಯತ್ತ ಬೊಟ್ಟುಮಾಡಿ, ಕೇಂದ್ರದ ತೆರಿಗೆಗಳಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದೊಳಗೆ ಕರ್ನಾಟಕದ ಪಾಲು ಹದಿನಾಲ್ಕನೆಯ ಹಣಕಾಸು ಆಯೋಗದ ಅವಧಿಯಲ್ಲಿ ನೂರಕ್ಕೆ ೪.೭೧೩ ಇದ್ದುದು ಹದಿನೈದನೆಯದರಲ್ಲಿ ೩.೬೪೭ಕ್ಕೆ ಇಳಿಯಿತೆಂದು ದೂರಿದರು. ಆ ದೂರು ನ್ಯಾಯವಾದುದು. ಒಂದೇ ರೂಪಾಯಿಯ ಕೂಟದಲ್ಲಿರುವ ನಾಡು ತನ್ನ ಪಾಲನ್ನು ಕೇಳಲೇಬೇಕು. ಆದರೆ ದಿಲ್ಲಿಯ ಮುಂದೆ ಅವರು ಹಿಡಿಯುವ ತಕ್ಕಡಿಯನ್ನೇ ನಾವು ಇಲ್ಲಿಂದ ಬೆಂಗಳೂರಿನ ಮುಂದೆ ಹಿಡಿದಾಗ ಅದು ಒಡಕಿನ ಮಾತೆಂದು ಮುಖ ತಿರುಗಿಸಬಾರದು. ದಿಲ್ಲಿಯಲ್ಲಿ 'ನಾವು ಹೆಚ್ಚು ಕೊಡುತ್ತೇವೆ, ಕಡಿಮೆ ಪಡೆಯುತ್ತೇವೆ' ಎನ್ನುವವರು, 'ನಾವು ಕಡಿಮೆ ಉಳ್ಳವರು, ಹೆಚ್ಚು ಬೇಕು' ಎನ್ನುವ ಕೊಡೇಕಲ್ಲಿನವನ ಮಾತನ್ನೂ ಕೇಳಬೇಕಾಗುತ್ತದೆ. ಈ ಎರಡು ವಾದಗಳು ಒಂದಕ್ಕೊಂದು ತಿಕ್ಕಾಡುತ್ತವೆಯೆಂಬುದು ನನಗೆ ಗೊತ್ತು. ತಿಕ್ಕಾಟವನ್ನು ಸಭೆಯಲ್ಲಿ ನಿಂತು, ಅಂಕಿಗಳನ್ನಿಟ್ಟು, ಕನ್ನಡದಲ್ಲಿಯೇ ತೀರಿಸಿಕೊಳ್ಳಬಲ್ಲ ಅನುಕೂಲವು ನಮ್ಮ ಅಜ್ಜಂದಿರಿಗೆ ಇರಲಿಲ್ಲ, ನಮಗೆ ಇದೆ. ಅದನ್ನು ಬಳಸಿಕೊಳ್ಳುವವರು ಎಷ್ಟು ಮಂದಿ ಎಂಬುದನ್ನು ನಮ್ಮ ಶಾಸನಸಭೆಯ ನಡಾವಳಿಗಳಲ್ಲಿ ನೋಡಿಕೊಳ್ಳಿರಿ. ನಾನು ಹೇಳಿದರೆ ಅದು ರಾಜಕಾರಣವಾದೀತು.

ಕೊನೆಗೊಂದು ಬೇಡಿಕೆ. ಈ ಸೀಮೆಯ ಹಳೆಯ ಮನೆಗಳ ಅಟ್ಟದ ಮೇಲೆ, ಕೆಂಪು ಬಟ್ಟೆಯ ಕಟ್ಟಿನ ಖಾತೆ ಕಿರ್ದಿಗಳು ಇನ್ನೂ ಬಿದ್ದಿರಬಹುದು. ಒಂದು ಸಾಲಿನಲ್ಲಿ ಹಾಲಿ, ಮಗ್ಗುಲಿನಲ್ಲಿ ಕಲ್ದಾರ, ಕೆಳಗೆ ವಟ್ಟ ಎಂದು ಬರೆದ ಪುಟಗಳಿದ್ದರೆ ಗೆದ್ದಲಿಗೆ ಬಿಡಬೇಡಿರಿ, ರದ್ದಿಗೆ ಹಾಕಬೇಡಿರಿ. ಶಾಲೆಯ ಮಾಸ್ತರರ ಕೈಗೆ ಕೊಡಿರಿ. ಯಾವ ವರ್ಷದಲ್ಲಿ, ಯಾವ ತಿಂಗಳಲ್ಲಿ, ಎಷ್ಟು ವಟ್ಟವನ್ನು ನಮ್ಮವರು ತೆತ್ತರೆಂಬುದನ್ನು ಹುಡುಗರಿಂದಲೇ ಕೂಡಿಸಿ ಬರೆಯಿಸಿರಿ. ಸರಕಾರದ ದರವನ್ನು ನಾನು ಪುಸ್ತಕಗಳಿಂದ ಹೇಳಬಲ್ಲೆ. ರೈತನಿಗೆ ನಿಜವಾಗಿ ಸಿಕ್ಕ ದರವು ಆ ಕಿರ್ದಿಗಳಲ್ಲಿ ಮಾತ್ರ ಇದೆ.